ತೊಗಲಿನ ಮೇಲೆ ಹೊಲಿಗೆ ತಪ್ಪುತ್ತಿದೆಯಾ? ಸ್ಕ್ರೂ ತಿರುಗಿಸುವ ಮೊದಲು ಇಷ್ಟು ನೋಡಿ

ವಾಕಿಂಗ್ ಫುಟ್ ಮಷಿನ್‌ನಲ್ಲಿ (ತೊಗಲನ್ನು ಮೇಲಿಂದ ಒತ್ತಿ ಹಿಡಿಯುವ ಫುಟ್ ಕೂಡ ಅದನ್ನು ಮುಂದೆ ಸರಿಸುವ ಮಷಿನ್) ಬೆಲ್ಟು ಹೊಲಿಯುತ್ತಿದ್ದೀರಿ. ಸಾಲು ಚೆನ್ನಾಗಿಯೇ ಬರುತ್ತಿದೆ. ನಡುವೆ ಒಂದು ಕಡೆ ಸೂಜಿ ತೂತು ಮಾಡಿದೆ, ಆದರೆ ಗಂಟು ಬಿದ್ದಿಲ್ಲ. ಮೇಲಿನ ದಾರ ಆ ತೂತನ್ನು ಬಿಟ್ಟು ಮುಂದಿನದಕ್ಕೆ ಹೋಗಿದೆ. ಬಟ್ಟೆಯಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ತೊಗಲಿನಲ್ಲಿ ಒಮ್ಮೆ ಬಿದ್ದ ತೂತು ಮುಚ್ಚುವುದಿಲ್ಲ. ಅದಕ್ಕೇ ಈ ದೋಷದ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಹೊಲಿಗೆ ತಪ್ಪಿದ ತಕ್ಷಣ ಬಹಳಷ್ಟು ಜನರ ಕೈ ದಾರದ ಬಿಗಿ ಹೊಂದಿಸುವ ಟೆನ್ಷನ್ ಸ್ಕ್ರೂಗೆ ಹೋಗುತ್ತದೆ. ಅದು ಸರಿ ಹೋಗದಿದ್ದರೆ ಹುಕ್ ಟೈಮಿಂಗ್‌ಗೆ, ಅಂದರೆ ದಾರ ಹಿಡಿಯುವ ಕೆಳಗಿನ ಕೊಕ್ಕೆ ಸೂಜಿಯ ಬಳಿಗೆ ಬರುವ ಹೊತ್ತಿಗೆ. ನೆನ್ನೆವರೆಗೆ ಸರಿಯಾಗಿ ಹೊಲಿಯುತ್ತಿದ್ದ ಮಷಿನ್‌ನ ಟೈಮಿಂಗ್ ಸುಮ್ಸುಮ್ನೆ ಕೆಡುವುದು ಅಪರೂಪ. ಸೂಜಿ ಯಾವುದಕ್ಕಾದರೂ ಬಡಿದಿರಬೇಕು, ಇಲ್ಲವೇ ದಾರ ಹುಕ್‌ಗೆ ಸುತ್ತಿಕೊಂಡು ಮಷಿನ್ ಜಾಮ್ ಆಗಿರಬೇಕು. ಹಾಗೆ ಏನೂ ಆಗಿಲ್ಲ ಅಂದರೆ ತೊಂದರೆ ಸೂಜಿಯಲ್ಲೋ, ದಾರದಲ್ಲೋ, ತೊಗಲನ್ನು ಫುಟ್ ಹಿಡಿದಿರುವ ರೀತಿಯಲ್ಲೋ ಇರುತ್ತದೆ. ಈ ಮೂರನ್ನೂ ನೋಡಿ ಮುಗಿಸುವವರೆಗೆ ಸ್ಕ್ರೂಡ್ರೈವರ್ ಪಕ್ಕಕ್ಕಿಡಿ.

ಕುಣಿಕೆ ಹುಟ್ಟುವ ಜಾಗ

ಹೊಲಿಗೆ ಹೇಗೆ ಬೀಳುತ್ತದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಸೂಜಿ ತೊಗಲನ್ನು ದಾಟಿ ಪೂರ್ತಿ ಕೆಳಗೆ ಹೋಗುತ್ತದೆ. ಅಲ್ಲಿಂದ ಸ್ವಲ್ಪ ಮೇಲೆ ಬರುತ್ತದೆ. ಆಗ ಸೂಜಿಯ ಒಂದು ಪಕ್ಕದ ದಾರ ಉದ್ದನೆಯ ಗಾಡಿಯೊಳಗೆ (ಸೂಜಿಯ ಮೈಯಲ್ಲಿ ಕೊರೆದ ತೋಡು) ಕೂತಿರುವುದರಿಂದ ಸಲೀಸಾಗಿ ಜಾರುತ್ತದೆ. ಇನ್ನೊಂದು ಪಕ್ಕದ ದಾರವನ್ನು ತೊಗಲು ಹಿಡಿದುಕೊಳ್ಳುತ್ತದೆ. ಅದು ಮೇಲೆ ಹೋಗಲಾಗದೆ ಹೊರಕ್ಕೆ ಉಬ್ಬುತ್ತದೆ. ಈ ಉಬ್ಬೇ ಕುಣಿಕೆ. ಹುಕ್‌ನ ಚೂಪು ತುದಿ ಸೂಜಿಯ ಹಿಂದಿನ ತಗ್ಗಿನ ಜಾಗದಲ್ಲಿ ಹಾದು ಆ ಕುಣಿಕೆಯನ್ನು ಎತ್ತಿಕೊಂಡು ಕೆಳದಾರ ಸುತ್ತಿರುವ ಬಾಬಿನ್ ಸುತ್ತ ತಿರುಗಿಸುತ್ತದೆ.

ಕುಣಿಕೆ ಹುಟ್ಟಲಿಲ್ಲ, ಸಣ್ಣದಾಯಿತು, ಪಕ್ಕಕ್ಕೆ ವಾಲಿತು, ಅಥವಾ ಹುಕ್ ಬರುವ ಹೊತ್ತಿಗೆ ಮಾಯವಾಯಿತು ಅಂದರೆ ಹೊಲಿಗೆ ತಪ್ಪುತ್ತದೆ. ಬಹುಪಾಲು ಹೊಲಿಗೆ ತಪ್ಪುವುದು ಹೀಗೆಯೇ.

ಎಲ್ಲೆಲ್ಲಿ ತಪ್ಪುತ್ತಿದೆ?

ನೀವು ಹೊಲಿಯುತ್ತಿರುವ ತೊಗಲಿನದೇ ಒಂದು ತುಂಡು ತಗೊಳ್ಳಿ. ಅಷ್ಟೇ ಪದರ, ಅದೇ ಸಲ್ಯೂಷನ್ (ಪದರ ಅಂಟಿಸುವ ಅಂಟು). ಬೇರೆ ತೊಗಲಿನ ಮೇಲೆ ಪರೀಕ್ಷೆ ಮಾಡಿ ಏನೂ ಪ್ರಯೋಜನವಿಲ್ಲ. ಒಂದು ಗೇಣಿನಷ್ಟು ಸಾಲು ಹೊಲಿದು, ತಪ್ಪಿದ ಜಾಗಗಳಿಗೆ ಪೆನ್ನಿನಲ್ಲಿ ಗುರುತು ಹಾಕಿ.

ಗುರುತುಗಳು ಎಲ್ಲ ಕಡೆ ಚೆದುರಿದ್ದರೆ ಸೂಜಿ ಅಥವಾ ದಾರದ ಮೇಲೆ ಅನುಮಾನ ಪಡಿ. ಎರಡು ಪದರದಿಂದ ನಾಲ್ಕು ಪದರಕ್ಕೆ ಹತ್ತುವ ಮೆಟ್ಟಿಲಿನಲ್ಲಿ ಮಾತ್ರ ತಪ್ಪುತ್ತಿದ್ದರೆ ಫುಟ್ ಓರೆಯಾಗಿ ಕೂತಿದೆ, ತೊಗಲು ಎದ್ದೇಳುತ್ತಿದೆ. ರಿವರ್ಸ್ ಹೊಲಿಗೆಯಲ್ಲಿ ಮಾತ್ರ ಅಂದರೆ ಸೂಜಿ ಬಾಗುತ್ತಿರಬಹುದು, ಅಥವಾ ಹುಕ್‌ಗೂ ಸೂಜಿಗೂ ಅಂತರ ಜಾಸ್ತಿ ಆಗಿರಬಹುದು. ಜೋರಾಗಿ ಓಡಿಸಿದಾಗ ಮಾತ್ರ ತಪ್ಪಿ, ಕೈಯಲ್ಲಿ ತಿರುಗಿಸಿದಾಗ ಸರಿ ಬಂದರೆ ದಾರ ಬರುವ ದಾರಿ ಮತ್ತು ಚೆಕ್ ಸ್ಪ್ರಿಂಗ್ (ಮೇಲಿನ ದಾರವನ್ನು ಬಿಗಿ ಹಿಡಿಯುವ ಸಣ್ಣ ಸ್ಪ್ರಿಂಗ್) ನೋಡಿ.

ಮೂಲೆಯಲ್ಲಿ ಮಾತ್ರ ತಪ್ಪುತ್ತಿದ್ದರೆ ಮಷಿನ್ ಸರಿಯಾಗಿಯೇ ಇದೆ, ತಿರುಗಿಸುವ ಗಳಿಗೆ ತಪ್ಪು. ಸೂಜಿ ಪೂರ್ತಿ ಕೆಳಗಿರುವಾಗ ತೊಗಲು ತಿರುಗಿಸಿದರೆ ಇನ್ನೂ ಹುಟ್ಟದ ಕುಣಿಕೆ ಪಕ್ಕಕ್ಕೆ ವಾಲುತ್ತದೆ. ಕೈಚಕ್ರವನ್ನು ಇನ್ನೂ ಸ್ವಲ್ಪ ತಿರುಗಿಸಿ. ಸೂಜಿ ಮೇಲಕ್ಕೆ ಹೊರಟು, ಹುಕ್ ಕುಣಿಕೆಯನ್ನು ಹಿಡಿದ ಮೇಲೆ ತಿರುಗಿಸಿ. ಸೂಜಿ ಆಗಲೂ ತೊಗಲಿನೊಳಗೇ ಇರುತ್ತದೆ.

ಸೂಜಿ

ಮೋಟರ್ ಸ್ವಿಚ್ ಆಫ್ ಮಾಡಿ. ಸರ್ವೋ ಮೋಟರ್ ಸದ್ದಿಲ್ಲದೆ ನಿಂತಿರುತ್ತದೆ, ಕಾಲು ಪೆಡಲ್‌ಗೆ ತಾಗಿದರೆ ಸಾಕು, ಬೆರಳಿಗೆ ಸೂಜಿ ಇಳಿಯುತ್ತದೆ.

ಹಳೆ ಸೂಜಿ ತೆಗೆದು ಹೊಸದು ಹಾಕಿ. ಸೂಜಿ ನೋಡಲು ಚೆನ್ನಾಗಿದೆ ಅಂತ ಬಿಡಬೇಡಿ. ಗಾಜಿನ ಮೇಲೆ ಹೊರಳಿಸಿದರೆ ಸಣ್ಣ ಬಾಗು ಗೊತ್ತಾಗುತ್ತದೆ. ಹಾಕುವಾಗ ಸೂಜಿ ಪೂರ್ತಿ ಮೇಲೆ ಮುಟ್ಟಬೇಕು. ತಗ್ಗು ಹುಕ್ ಕಡೆಗೆ, ಉದ್ದ ಗಾಡಿ ಅದರ ಎದುರು ಪಕ್ಕಕ್ಕೆ. ಈ ಸೂಜಿಗಳ ತಲೆ ಗುಂಡಗಿರುವುದರಿಂದ ಹೇಗೆ ಬೇಕಾದರೂ ತಿರುಗುತ್ತವೆ. ಸ್ವಲ್ಪ ಓರೆಯಾದರೂ ಕುಣಿಕೆ ಹುಕ್‌ನ ದಾರಿಗೆ ಬರುವುದಿಲ್ಲ.

ಸೂಜಿಯ ಸಿಸ್ಟಂ ನಂಬರ್ ನೋಡಿ. ಮಧ್ಯಮ ಗಾತ್ರದ ಹೆಚ್ಚಿನ ವಾಕಿಂಗ್ ಫುಟ್ ಮಷಿನ್‌ಗಳಿಗೆ ಡಿಪಿ 17 ಅಥವಾ ಡಿಪಿ 16 ಬರುತ್ತದೆ. 135x17, 135x16 ಅಂತ ಬರೆದಿರುವುದೂ ಇವೇ. 17 ದುಂಡು ಮೊನೆಯದು, ಬಟ್ಟೆ ಮತ್ತು ನೈಲಾನ್ ಪಟ್ಟಿಗೆ. 16 ಕತ್ತರಿಸುವ ಮೊನೆಯದು, ತೊಗಲಿಗೆ. ಜೀನು, ಲಗಾಮು ಹೊಲಿಯುವ 441 ತರಹದ ದೊಡ್ಡ ಮಷಿನ್‌ಗೆ 794 ನಂಬರಿನ ಉದ್ದ ಸೂಜಿ. ಒಂದರ ಜಾಗಕ್ಕೆ ಉದ್ದ ಬೇರೆಯಿರುವ ಇನ್ನೊಂದನ್ನು ಹಾಕಿದರೆ ಕಣ್ಣು ಹುಕ್‌ನ ಎತ್ತರಕ್ಕೆ ಹೊಂದುವುದಿಲ್ಲ. ಟೈಮಿಂಗ್ ಕೆಟ್ಟಿದೆ ಅಂದುಕೊಂಡು ಮೆಕ್ಯಾನಿಕ್ ಕರೆಸುವ ಕೇಸುಗಳಲ್ಲಿ ಇದೂ ಇರುತ್ತದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಬರೀ ತೊಗಲಾದರೆ ಕತ್ತರಿಸುವ ಮೊನೆಯನ್ನೇ ಬಳಸಿ. ದುಂಡು ಮೊನೆ ತೊಗಲನ್ನು ತಳ್ಳಿಕೊಂಡು ಹೋಗುತ್ತದೆ. ಹೊರಬರುವಾಗ ತೊಗಲು ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಕತ್ತರಿಸುವ ಮೊನೆಗಳಲ್ಲೂ ಬಗೆಗಳಿವೆ. ಎಲ್‌ಆರ್ ಮೊನೆ ಓರೆಯಾಗಿ ಸೀಳುವುದರಿಂದ ಹೊಲಿಗೆ ತುಸು ಓರೆ ಕೂರುತ್ತದೆ. ಎಸ್ ಮೊನೆ ಸಾಲಿನ ಉದ್ದಕ್ಕೇ ಸೀಳುತ್ತದೆ, ಹೊಲಿಗೆ ನೇರವಾಗಿ ಕೂರುತ್ತದೆ. ಹೀಗೆ ಸಾಲಿನ ಉದ್ದಕ್ಕೆ ಸೀಳುವ ಮೊನೆಯಲ್ಲಿ ಹೊಲಿಗೆ ತೀರಾ ಒತ್ತಾದರೆ ತೊಗಲು ಸಾಲಿನಗುಂಟ ಹರಿದು ಬರುತ್ತದೆ. ಅಂಚೆಚೀಟಿ ಹರಿದ ಹಾಗೆ.

ದಾರ

ಸೂಜಿಯ ದಪ್ಪಕ್ಕೂ ದಾರದ ದಪ್ಪಕ್ಕೂ ಹೊಂದಾಣಿಕೆ ಬೇಕು. ಸೂಜಿಯ ಮೇಲಿನ 110, 140 ಅನ್ನುವ ಸಂಖ್ಯೆ ಅದರ ದಪ್ಪ: 110 ಅಂದರೆ 1.1 ಮಿ.ಮೀ. ದಾರದ ದಪ್ಪಕ್ಕೆ ಟೆಕ್ಸ್ ಅನ್ನುವ ಅಳತೆ, ಅಂಕಿ ಜಾಸ್ತಿಯಾದಷ್ಟೂ ದಾರ ದಪ್ಪ. ಟೆಕ್ಸ್ 70 ದಾರಕ್ಕೆ 110 ಸೂಜಿ ಸರಿ. ಟೆಕ್ಸ್ 90ಕ್ಕೆ 110 ಅಥವಾ 125. ಟೆಕ್ಸ್ 135ಕ್ಕೆ 140. ಟೆಕ್ಸ್ 210ಕ್ಕೆ 160ರಿಂದ 180. ಟೆಕ್ಸ್ 270ಕ್ಕೆ 180ರಿಂದ 200. ಅಂಗಡಿಯಲ್ಲಿ ಟಿಕೆಟ್ ನಂಬರ್ ಹೇಳಿದರೆ ಲೆಕ್ಕ ಉಲ್ಟಾ: ನಂಬರ್ ಜಾಸ್ತಿಯಾದಷ್ಟೂ ದಾರ ತೆಳು. ಟಿಕೆಟ್ 40 ಸುಮಾರು ಟೆಕ್ಸ್ 70, ಟಿಕೆಟ್ 20 ಸುಮಾರು ಟೆಕ್ಸ್ 135.

ನಂಬರ್ ಗೊತ್ತಿಲ್ಲದಿದ್ದರೂ ಪರೀಕ್ಷೆ ಮಾಡಬಹುದು. ಒಂದು ಮೊಳ ದಾರಕ್ಕೆ ಸೂಜಿ ಪೋಣಿಸಿ, ದಾರವನ್ನು ಓರೆಯಾಗಿ ಎಳೆದು ಹಿಡಿಯಿರಿ. ಸೂಜಿ ತಾನಾಗಿಯೇ ನಿಧಾನಕ್ಕೆ ಕೆಳಗೆ ಜಾರಬೇಕು. ಅಂಟಿಕೊಂಡು ನಿಂತರೆ ಸೂಜಿ ಸಣ್ಣದಾಯಿತು. ದಬಕ್ಕನೆ ಬಿದ್ದರೆ ದೊಡ್ಡದಾಯಿತು. ಸಣ್ಣ ಸೂಜಿಯಲ್ಲಿ ದಾರ ಗಾಡಿಯೊಳಗೆ ಕೂರುವುದಿಲ್ಲ. ದೊಡ್ಡ ಸೂಜಿಯ ತೂತಿನಲ್ಲಿ ತೊಗಲಿಗೆ ದಾರದ ಹಿಡಿತ ಸಿಗದೆ, ದಾರ ಸೂಜಿಯ ಜೊತೆಗೇ ಮೇಲೆ ಬಂದುಬಿಡುತ್ತದೆ. ಎರಡರಲ್ಲೂ ಕುಣಿಕೆ ಕೆಡುತ್ತದೆ.

ಹುರಿಯ ದಿಕ್ಕನ್ನು ನೋಡುವವರು ಕಡಿಮೆ. ಮಷಿನ್ ಸೂಜಿಗೆ ಎಡ ಹುರಿಯ ದಾರ ಬೇಕು. ಅದಕ್ಕೆ ಜೆಡ್ ಹುರಿ ಅಂತಲೂ ಹೇಳುತ್ತಾರೆ. ಬಲಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ದಾರ ಹಿಡಿದು ನಿಮ್ಮ ಕಡೆಗೆ ಹೊರಳಿಸಿ. ಎಳೆಗಳು ಬಿಗಿಯಾದರೆ ಎಡ ಹುರಿ, ಬಿಚ್ಚಿಕೊಂಡರೆ ಬಲ ಹುರಿ. ಬಲ ಹುರಿಯ ದಾರ ಹೊಲಿಯುತ್ತಾ ಹೊಲಿಯುತ್ತಾ ಬಿಚ್ಚಿಕೊಂಡು, ಹುಕ್ ಎಳೆಗಳ ನಡುವೆ ತೂರುತ್ತದೆ. ಬಾಬಿನ್‌ಗೆ ಯಾವ ಹುರಿಯಾದರೂ ನಡೆಯುತ್ತದೆ.

ದಾರ ಸುತ್ತಿರುವ ಕೋನ್‌ನ ಮೇಲಿನ ಗೈಡ್ ಕೋನ್‌ನ ನೆತ್ತಿಗೆ ನೇರವಾಗಿ, ಸಾಕಷ್ಟು ಎತ್ತರದಲ್ಲಿ ಇರಲಿ. ಪಕ್ಕಕ್ಕಿದ್ದರೆ ಬಿರುಸಾದ ಬಾಂಡೆಡ್ ನೈಲಾನ್ ದಾರ ಸುರುಳಿ ಸುತ್ತಿಕೊಂಡು ಸಿಕ್ಕಾಗುತ್ತದೆ.

ತೊಗಲು ಮೇಲೇಳುವುದು

ನನ್ನ ಪ್ರಕಾರ ತೊಗಲಿನ ಕೆಲಸದಲ್ಲಿ ಹೊಲಿಗೆ ತಪ್ಪಲು ಎಲ್ಲಕ್ಕಿಂತ ದೊಡ್ಡ ಕಾರಣ ಇದು. ಬಟ್ಟೆಯ ಹೊಲಿಗೆಯಿಂದ ಈ ಕಡೆ ಬಂದವರಿಗೆ ಇದು ಹೊಳೆಯುವುದೇ ಇಲ್ಲ.

ಸೂಜಿ ಮೇಲೆ ಹೊರಟಾಗ ತೊಗಲು ಅದನ್ನು ಬಿಗಿಹಿಡಿದು ತಾನೂ ಜೊತೆಗೆ ಏಳುತ್ತದೆ. ತೊಗಲು ಎದ್ದರೆ ಅದರೊಳಗಿನ ದಾರವೂ ಏಳುತ್ತದೆ. ಉಬ್ಬಬೇಕಿದ್ದ ದಾರ ಉಬ್ಬುವುದಿಲ್ಲ. ಹುಕ್ ಖಾಲಿ ಜಾಗದಲ್ಲಿ ಹಾದುಹೋಗುತ್ತದೆ. ಕುಣಿಕೆ ಹುಟ್ಟುವ ಪೂರ್ತಿ ಆಟ ಸೂಜಿ ಎರಡೂವರೆ ಮಿಲಿಮೀಟರ್ ಏಳುವಷ್ಟರಲ್ಲಿ ಮುಗಿಯುತ್ತದೆ. ಅದರಲ್ಲಿ ತೊಗಲು ಒಂದು ಮಿಲಿಮೀಟರ್ ಎದ್ದರೂ ದೊಡ್ಡ ನಷ್ಟ, ಅಲ್ವಾ?

ನೋಡುವುದು ಸುಲಭ. ಮೋಟರ್ ಆಫ್ ಇರಲಿ. ಪರೀಕ್ಷೆಯ ತುಂಡನ್ನು ಫುಟ್ ಕೆಳಗಿಟ್ಟು, ಕಣ್ಣನ್ನು ಸೂಜಿ ಇಳಿಯುವ ತೂತಿರುವ ಪ್ಲೇಟಿನ ಮಟ್ಟಕ್ಕೆ ತಂದು, ಕೈಚಕ್ರ ನಿಧಾನವಾಗಿ ತಿರುಗಿಸಿ. ಸೂಜಿ ಕೆಳಗಿಂದ ಮೇಲೆ ಹೊರಟ ಗಳಿಗೆಯಲ್ಲಿ ತೊಗಲಿನ ಅಂಚನ್ನೇ ನೋಡಿ. ಪ್ಲೇಟಿಗೂ ತೊಗಲಿಗೂ ನಡುವೆ ಬೆಳಕು ಕಂಡರೆ ಕಾರಣ ಸಿಕ್ಕಿತು.

ಈಗ ಫುಟ್‌ನ ಒತ್ತಡ ಹೆಚ್ಚಿಸಿ. ಹೆಚ್ಚಿನ ಮಷಿನ್‌ಗಳಲ್ಲಿ ತಲೆಯ ಮೇಲೆ ಒತ್ತಡದ ಸ್ಕ್ರೂ ಇರುತ್ತದೆ. ಅರ್ಧ ಸುತ್ತು ತಿರುಗಿಸಿ, ಮತ್ತೆ ನೋಡಿ. ತೊಗಲು ಏಳುವುದು ನಿಂತ ಕೂಡಲೇ ನೀವೂ ನಿಲ್ಲಿಸಿ. ಇನ್ನೂ ಬಿಗಿ ಮಾಡಿದರೆ ಫುಟ್‌ನ ಅಚ್ಚು ತೊಗಲಿನ ಮೇಲೆ ಕೂರುತ್ತದೆ. ಗಿಡದ ತೊಗಟೆಯಲ್ಲಿ ಹದ ಮಾಡಿದ ತೊಗಲಿನಲ್ಲಿ ಆ ಅಚ್ಚು ಹೋಗುವುದೇ ಇಲ್ಲ.

ಒತ್ತಡ ಹೆಚ್ಚಿಸಿಯೂ ಏಳುತ್ತಿದ್ದರೆ ತೊಗಲು ಸೂಜಿಯನ್ನು ಅಷ್ಟು ಬಿಗಿಯಾಗಿ ಹಿಡಿಯುವುದೇಕೆ ಅಂತ ಯೋಚಿಸಿ. ಕ್ರೋಮ್ ಹದದ ತೊಗಲು ಹಿಗ್ಗುವ ಗುಣದ್ದು, ತೂತು ಕೂಡಿಕೊಂಡು ಸೂಜಿಯನ್ನು ಕಚ್ಚುತ್ತದೆ. ದುಂಡು ಮೊನೆ ಇದ್ದರೆ ಕತ್ತರಿಸುವ ಮೊನೆಗೆ ಬದಲಿಸಿ. ಒಂದು ನಂಬರ್ ದಪ್ಪ ಸೂಜಿ ಹಾಕಿ ನೋಡಿ. ಸಲ್ಯೂಷನ್ ಪೂರ್ತಿ ಆರಿದೆಯಾ ಅಂತಲೂ ನೋಡಿ. ಹಸಿ ಅಂಟು ಸೂಜಿಗೆ ಮೆತ್ತಿಕೊಂಡರೆ ತೊಗಲು, ದಾರ ಎರಡೂ ಅದಕ್ಕೆ ಅಂಟುತ್ತವೆ. ಮೆತ್ತಿದ್ದರೆ ಒರೆಸಿ. ಅವಸರದ ಆರ್ಡರ್ ಇದ್ದಾಗ ಎಲ್ಲರೂ ಬಿಟ್ಟುಬಿಡುವ ಕೆಲಸ ಅಂಟು ಆರಿಸುವುದು.

ಮೆಟ್ಟಿಲಿನ ಜಾಗಕ್ಕೆ ಬೇರೆ ಉಪಾಯ ಬೇಕು. ದಪ್ಪ ಭಾಗದ ಮೇಲೆ ಫುಟ್‌ನ ಮೂತಿ ಮಾತ್ರ ಕೂತು, ಸೂಜಿಯ ಸುತ್ತ ಹಿಡಿತವೇ ಇರುವುದಿಲ್ಲ. ರಂಪಿಗೆಯಿಂದ (ತೊಗಲು ಕೆರೆಯುವ ಕತ್ತಿ) ಅಂಚನ್ನು ಕೆರೆದು ಇಳಿಜಾರು ಮಾಡಿಕೊಳ್ಳಿ. ಅದು ಆಗದಿದ್ದರೆ ಅಷ್ಟೇ ದಪ್ಪದ ಒಂದು ತೊಗಲು ಚೂರನ್ನು ಫುಟ್‌ನ ಹಿಂಭಾಗದ ಕೆಳಗೆ ಇಡಿ, ಫುಟ್ ಸಮನಾಗಿ ಕೂರುತ್ತದೆ. ಎರಡೂ ಫುಟ್‌ಗಳ ಎತ್ತುವ ಎತ್ತರವನ್ನೂ ನೋಡಿ. ಒಳ ಫುಟ್, ಹೊರ ಫುಟ್ ಸರದಿಯಲ್ಲಿ ಏಳುತ್ತವೆ, ಆದರೆ ಯಾವುದಾದರೂ ಒಂದು ಸದಾ ತೊಗಲನ್ನು ಒತ್ತಿರಬೇಕು.

ಪ್ಲೇಟಿನ ತೂತೂ ಲೆಕ್ಕಕ್ಕೆ ಬರುತ್ತದೆ. ಹಿಂದೆ ದಪ್ಪ ದಾರದ ಕೆಲಸಕ್ಕೆ ಯಾರೋ ತೂತನ್ನು ದೊಡ್ಡದು ಮಾಡಿದ್ದರೆ, ಮೆತ್ತಗಿನ ತೊಗಲು ಸೂಜಿಯ ಜೊತೆ ಆ ತೂತಿನೊಳಗೆ ಇಳಿದು ಮತ್ತೆ ಏಳುತ್ತದೆ. ತೆಳು ಕೆಲಸಕ್ಕೆ ಸಣ್ಣ ತೂತಿನ ಪ್ಲೇಟ್ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ತಪ್ಪಿದರೆ

ಚೆಕ್ ಸ್ಪ್ರಿಂಗ್ ನೋಡಿ. ಸೂಜಿಯ ಕಣ್ಣು ತೊಗಲನ್ನು ಮುಟ್ಟುವವರೆಗೆ ಈ ಸಣ್ಣ ಸ್ಪ್ರಿಂಗ್ ದಾರವನ್ನು ಬಿಗಿಯಾಗಿ ಹಿಡಿದಿರಬೇಕು, ಆಮೇಲೆ ಬಿಡಬೇಕು. ಬೇಗ ಬಿಟ್ಟರೆ ಸಡಿಲ ದಾರವನ್ನೇ ಸೂಜಿ ಚುಚ್ಚುತ್ತದೆ. ಬಿಡದೆ ಎಳೆಯುತ್ತಲೇ ಇದ್ದರೆ ಹುಟ್ಟಿದ ಕುಣಿಕೆಯನ್ನೇ ಕಿತ್ತುಕೊಳ್ಳುತ್ತದೆ.

ಕೊನೆಗೆ ಹುಕ್. ಮೊದಲು ತುದಿಯನ್ನು ಉಗುರಿನಿಂದ ಸವರಿ. ಉಗುರಿಗೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳೆದ್ದಿದೆ. ಬಹಳ ನಯವಾದ ಎಮರಿ ಕಾಗದದಲ್ಲಿ ಮುಳ್ಳನ್ನಷ್ಟೇ ತೆಗೆಯಿರಿ, ತುದಿಯನ್ನು ಮೊಂಡು ಮಾಡಬೇಡಿ. ಆಮೇಲೆ ಪ್ಲೇಟ್ ಬಿಚ್ಚಿ, ಕೈಚಕ್ರ ತಿರುಗಿಸಿ. ಬಹುತೇಕ ಮಧ್ಯಮ ವಾಕಿಂಗ್ ಫುಟ್ ಮಷಿನ್‌ಗಳಲ್ಲಿ ಸೂಜಿ ತಳದಿಂದ 2ರಿಂದ 2.5 ಮಿ.ಮೀ. ಎದ್ದಾಗ ಹುಕ್‌ನ ತುದಿ ಸೂಜಿಯ ನಡುವಿಗೆ ಬರಬೇಕು, ಕಣ್ಣಿಗಿಂತ ತುಸು ಮೇಲೆ. ಅಂತರ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಆದರೆ ತುದಿ ಸೂಜಿಗೆ ಉಜ್ಜಬಾರದು. ತಿರುಗುವ ಹುಕ್‌ನ ಬದಲು ಓಲಾಡುವ ಶಟಲ್ ಇರುವ ದೊಡ್ಡ ಮಷಿನ್‌ಗಳ ಅಳತೆ ಬೇರೆ. ನಿಮ್ಮ ಮಷಿನ್‌ನ ಪುಸ್ತಕದಲ್ಲಿರುವ ಅಂಕಿಯನ್ನೇ ನಂಬಿ.

ಕೆಳಗೆ ದಾರದ ಗೊಂಚಲು

ಕೆಳಗೆ ಗೊಂಚಲಾದರೆ ತೊಂದರೆ ಬಹುಪಾಲು ಮೇಲೆ ಇರುತ್ತದೆ. ಬಾಬಿನ್ ಕೇಸ್ ಮುಟ್ಟಬೇಡಿ. ಫುಟ್ ಕೆಳಗಿದ್ದಾಗ ಟೆನ್ಷನ್ ತಟ್ಟೆಗಳು ಮುಚ್ಚಿರುತ್ತವೆ, ಆಗ ದಾರ ಹಾಕಿದರೆ ಒಳಗೆ ಕೂರುವುದಿಲ್ಲ. ಫುಟ್ ಎತ್ತಿ, ದಾರವನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿ. ತಟ್ಟೆಗಳ ನಡುವೆ ಹಳೆ ದಾರದ ಚೂರು, ಮೇಣ ಸಿಕ್ಕಿದ್ದರೆ ಬಟ್ಟೆ ತೂರಿಸಿ ತೆಗೆಯಿರಿ. ಹೊಲಿಗೆ ಶುರು ಮಾಡುವಾಗ ಎರಡೂ ದಾರದ ತುದಿ ಹಿಡಿದುಕೊಂಡಿರಿ.

ಮೇಲಿನ ದಾರ ತಂತಿ ಎಳೆದ ಹಾಗೆ ನೇರವಾಗಿ ಮಲಗಿ, ಪ್ರತಿ ತೂತಿನಲ್ಲೂ ಕೆಳದಾರದ ಚುಕ್ಕೆ ಕಂಡರೆ ಮೇಲಿನ ಟೆನ್ಷನ್ ಜಾಸ್ತಿ. ಗಂಟು ತೊಗಲಿನ ದಪ್ಪದ ನಡುವೆ ಅಡಗಬೇಕು. ತೆಳು ತೊಗಲಿಗೆ ದಪ್ಪ ದಾರ ಹಾಕಿದರೆ ಅಡಗಲು ಜಾಗವೇ ಇಲ್ಲ, ಗಂಟು ಒಂದಲ್ಲ ಒಂದು ಕಡೆ ಇಣುಕುತ್ತದೆ. ಅದಕ್ಕೆ ಎಷ್ಟು ಸ್ಕ್ರೂ ತಿರುಗಿಸಿದರೂ ಅಷ್ಟೇ. ತೆಳು ದಾರ ಹಾಕಿ, ಅಥವಾ ಬಾಬಿನ್‌ಗೆ ಮಾತ್ರ ಒಂದು ನಂಬರ್ ತೆಳುವಾದದ್ದು.

ದಾರ ಜುಂಗಾಗಿ ಹರಿಯುವುದು

ಸೂಜಿ ಸಣ್ಣದಿರಬಹುದು, ದಾರಿಯಲ್ಲಿ ಎಲ್ಲೋ ಚೂಪು ಅಂಚಿರಬಹುದು, ಅಥವಾ ಬಿಸಿ. ದಪ್ಪ ತೊಗಲಿನಲ್ಲಿ ಜೋರಾಗಿ ಹೊಲಿದರೆ ಸೂಜಿ ಕಾದು ನೈಲಾನ್, ಪಾಲಿಯೆಸ್ಟರ್ ದಾರ ಮೆದುವಾಗುತ್ತದೆ. ಹರಿದ ತುದಿಯನ್ನು ಬೆರಳಲ್ಲಿ ಮುಟ್ಟಿ. ಜುಂಗು ಜುಂಗಾಗಿದ್ದರೆ ಉಜ್ಜಿ ಹರಿದದ್ದು. ಗಟ್ಟಿ ಮಣಿಯ ಹಾಗಿದ್ದರೆ ಕರಗಿ ಹರಿದದ್ದು. ಕರಗಿದ್ದರೆ ವೇಗ ತಗ್ಗಿಸಿ, ದಾರಕ್ಕೆ ಸಿಲಿಕಾನ್ ಎಣ್ಣೆ ಸವರುವ ಡಬ್ಬಿ ಜೋಡಿಸಿ. ತೊಗಲಿನ ಕೆಲಸಕ್ಕೆ ಕ್ಲಚ್ ಮೋಟರ್‌ಗಿಂತ ವೇಗ ಇಳಿಸಬಹುದಾದ ಸರ್ವೋ ಮೋಟರ್ ಎಷ್ಟೋ ಮೇಲು.

ಹೊಲಿಗೆ ಒಂದು ಉದ್ದ, ಒಂದು ಗಿಡ್ಡ

ತೊಗಲನ್ನು ಕೆಳಗಿನಿಂದ ಸರಿಸುವ ಫೀಡ್ ಹಲ್ಲು ಸವೆದಿದೆ ಅನ್ನುವ ಮೊದಲು ಕೆಲಸ ಎಲ್ಲಿ ಜೋತುಬಿದ್ದಿದೆ ನೋಡಿ. ಉದ್ದನೆಯ ಬೆಲ್ಟು, ಜೀನಿನ ಅಗಲ ಪಕ್ಕೆ ಮೇಜಿನಿಂದ ಕೆಳಗೆ ಇಳಿಬಿದ್ದರೆ ಅದರ ಭಾರವೇ ಹಿಂದಕ್ಕೆ ಎಳೆಯುತ್ತದೆ, ಹೊಲಿಗೆ ಗಿಡ್ಡವಾಗುತ್ತದೆ. ಪಕ್ಕದಲ್ಲಿ ಒಂದು ಸ್ಟೂಲ್ ಇಟ್ಟರೆ ಮುಗಿಯಿತು. ಉದ್ದದ ಡಯಲ್‌ನ ಅಂಕಿ ನಂಬಬೇಡಿ. ಹತ್ತು ಹೊಲಿಗೆ ಅಳೆದು ಹತ್ತರಿಂದ ಭಾಗಿಸಿ.

ಕಪ್ಪು ನೀಲಿ ಕಲೆ

ಇದು ಹೊಲಿಗೆಯ ದೋಷವಲ್ಲ, ಆದರೆ ಹೊಲಿಯುವಾಗಲೇ ಬೀಳುತ್ತದೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲಿನಲ್ಲಿ ಟ್ಯಾನಿನ್ ಇರುತ್ತದೆ. ಅದು ಒದ್ದೆಯಿದ್ದಾಗ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಹಿಂದಿನ ಕಾಲದ ಬರೆಯುವ ಶಾಯಿಯನ್ನು ಇದೇ ಗುಣದಿಂದ ಮಾಡುತ್ತಿದ್ದರು. ಕೊಲ್ಹಾಪುರಿ ಚಪ್ಪಲಿಗೆ ಬಳಸುವುದು ಇಂಥ ತೊಗಲನ್ನೇ. 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಜಿಐ (ಭೌಗೋಳಿಕ ಗುರುತು) ಮಾನ್ಯತೆಯಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅಲ್ಲಿನ ಸಾಂಪ್ರದಾಯಿಕ ಚಪ್ಪಲಿಯನ್ನು ಕೈಯಲ್ಲೇ, ತೊಗಲಿನ ಎಳೆಯಿಂದಲೇ ಹೊಲಿಯುತ್ತಾರೆ. ಅದೇ ತೊಗಲನ್ನು ನೀವು ಮಷಿನ್‌ಗೆ ತರುವುದಾದರೆ ಪೂರ್ತಿ ಒಣಗಿಸಿ ತನ್ನಿ. ಪ್ಲೇಟಿನ ತುಕ್ಕು, ಕಬ್ಬಿಣದ ಪುಡಿ ಒರೆಸಿ. ಹೊಸ ಕಲೆಗೆ ನಿಂಬೆರಸ ಸವರಿ, ನೀರಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿದರೆ ಬಹುಮಟ್ಟಿಗೆ ಹೋಗುತ್ತದೆ.

ತಪ್ಪಿದ ಹೊಲಿಗೆ ಸರಿ ಮಾಡುವುದು

ಅದೇ ತೂತುಗಳ ಮೇಲೆ ಮತ್ತೆ ಮಷಿನ್ ಓಡಿಸಬೇಡಿ. ಕತ್ತರಿಸುವ ಮೊನೆ ಹಳೆ ದಾರವನ್ನೇ ಕತ್ತರಿಸುತ್ತದೆ. ತಪ್ಪಿದ ಜಾಗದ ಎರಡೂ ಕಡೆ ಮೂರು ಮೂರು ಹೊಲಿಗೆ ಬಿಚ್ಚಿ. ಅದೇ ಬಗೆಯ ದಾರದ ಒಂದು ತುಂಡಿನ ಎರಡು ತುದಿಗೂ ಮೊಂಡು ಸೂಜಿ ಪೋಣಿಸಿ, ಹಳೆ ತೂತುಗಳಲ್ಲೇ ಎರಡು ಕಡೆಯಿಂದಲೂ ಹಾಯಿಸಿ ಕೈಯಲ್ಲಿ ಹೊಲಿಯಿರಿ. ಇದಕ್ಕೆ ಸ್ಯಾಡಲ್ ಸ್ಟಿಚ್ ಅನ್ನುತ್ತಾರೆ. ಮಷಿನ್ ಹೊಲಿಗೆಯಲ್ಲಿ ಒಂದು ಕಡೆ ದಾರ ಸವೆದು ಹರಿದರೆ ಅಕ್ಕಪಕ್ಕದ ಹೊಲಿಗೆ ಸಡಿಲಾಗುತ್ತವೆ. ಸ್ಯಾಡಲ್ ಸ್ಟಿಚ್‌ನಲ್ಲಿ ಪ್ರತಿ ತೂತಿನಲ್ಲೂ ಎರಡು ದಾರ ಹಾಯ್ದಿರುವುದರಿಂದ ಒಂದು ಹರಿದರೂ ಇನ್ನೊಂದು ಹಿಡಿದಿರುತ್ತದೆ.

ಬ್ಯಾಗಿನಲ್ಲಿ ಒಂದು ಹೊಲಿಗೆ ತಪ್ಪಿದರೆ ಅಂದಗೆಡುತ್ತದೆ, ಅಷ್ಟೇ. ಜೀನಿನ ರಿಕಾಪು ಪಟ್ಟಿ, ಕುದುರೆಯ ಹೊಟ್ಟೆಗೆ ಬಿಗಿಯುವ ಪಟ್ಟಿ, ಲಗಾಮು, ಈ ಮೂರರಲ್ಲಿ ಹಾಗಲ್ಲ. ಓಡುವ ಕುದುರೆಯ ಮೇಲಿರುವ ಸವಾರನ ಪೂರ್ತಿ ಭಾರ ಅಲ್ಲಿನ ಕೆಲವೇ ಹೊಲಿಗೆಗಳ ಮೇಲಿರುತ್ತದೆ. ಆ ಜಾಗಗಳಲ್ಲಿ ಹೊಲಿಗೆ ತಪ್ಪಿದರೆ ಪೂರ್ತಿ ಸಾಲು ಬಿಚ್ಚಿ ಕೈಯಲ್ಲೇ ಹೊಲಿಯಿರಿ, ಇಲ್ಲವೇ ಪಟ್ಟಿಯನ್ನೇ ಬದಲಿಸಿ. ಹಳೆ ಜೀನು ರಿಪೇರಿಗೆ ಬಂದಾಗಲೂ ಈ ಮೂರು ಕಡೆಯ ಹೊಲಿಗೆಯನ್ನು ದಬ್ಬಳದ ತುದಿಯಿಂದ ಎತ್ತಿ ನೋಡಿ. ಹತ್ತಿಯ, ಲಿನನ್‌ನ ದಾರ ಬೆವರಿಗೆ ಒಳಗೊಳಗೇ ಕೊಳೆತಿರುತ್ತದೆ, ಮೇಲಿಂದ ಗೊತ್ತಾಗುವುದಿಲ್ಲ. ಬಿಸಿಲಲ್ಲೇ ಇರುವ ಸಾಮಾನಿಗೆ ನೈಲಾನ್‌ಗಿಂತ ಪಾಲಿಯೆಸ್ಟರ್ ದಾರ ಜಾಸ್ತಿ ದಿನ ತಾಳುತ್ತದೆ.

ಎಲ್ಲ ನೋಡಿಯೂ ಮೆಕ್ಯಾನಿಕ್ ಬೇಕೇ ಬೇಕು ಅನ್ನಿಸಿದರೆ, ಗುರುತು ಹಾಕಿದ ಆ ತುಂಡನ್ನು ಎಸೆಯದೆ ಅವರ ಕೈಗೆ ಕೊಡಿ. ಜೊತೆಗೆ ಸೂಜಿಯ ಪೊಟ್ಟಣ, ದಾರದ ನಂಬರ್, ಹೊಲಿಯದ ಇನ್ನೊಂದು ತುಂಡು ತೊಗಲು. ಬಟ್ಟೆ ಚೂರಿನ ಮೇಲೆ ಹೊಲಿದು ತೋರಿಸಿದರೆ ಒಪ್ಪಬೇಡಿ, ನಿಮ್ಮ ತೊಗಲಿನ ಮೇಲೆಯೇ ಹೊಲಿಸಿ. ಅವರು ಹೋದ ಮೇಲೆ ಹುಕ್‌ಗೆ ಹೊಸದಾಗಿ ಎಣ್ಣೆ ಬಿದ್ದಿರುತ್ತದೆ. ದಾರದಲ್ಲಿ ಎಣ್ಣೆಯ ಕಲೆ ಬರುವುದು ಪೂರ್ತಿ ನಿಲ್ಲುವವರೆಗೆ ಬೇಡದ ತುಂಡಿನ ಮೇಲೆ ಓಡಿಸಿ, ಆಮೇಲೆ ಒಳ್ಳೆಯ ತೊಗಲು ಇಡಿ.